ಸೈನಿಕನ ಕೋಟಿನ ಗುಂಡಿ ಯಾವ ದೇಶದ್ದು?

ಅಮೆರಿಕದ ವಾಯವ್ಯ ಭಾಗದಲ್ಲಿ, ಕೊಲಂಬಿಯಾ ನದಿಯ ದಡದ ಹಳೆಯ ನೆಲೆಗಳಲ್ಲಿ, ಒಂದು ಬಗೆಯ ಹಿತ್ತಾಳೆ ಗುಂಡಿ ಮತ್ತೆ ಮತ್ತೆ ಸಿಕ್ಕಿದೆ. ಅದರ ಮುಖದ ಮೇಲೆ ಬೆಂಕಿಯಿಂದ ಏಳುವ ಫೀನಿಕ್ಸ್ ಹಕ್ಕಿ, ಒಂದು ರೆಜಿಮೆಂಟಿನ ಸಂಖ್ಯೆ, ‘ನನ್ನ ಬೂದಿಯಿಂದಲೇ ಮತ್ತೆ ಹುಟ್ಟುತ್ತೇನೆ’ ಎಂಬ ಫ್ರೆಂಚ್ ಬರಹ. ಕೆಲವನ್ನು ತಿರುಗಿಸಿದರೆ ಲಂಡನ್ನಿನ ಬುಶ್ಬಿ ಎಂಬ ತಯಾರಕರ ಮುದ್ರೆ ಕಾಣುತ್ತದೆ. ಮಾಡಿಸಿದ್ದು ದೂರದ ಕೆರಿಬಿಯನ್ ಸಮುದ್ರದ ಹೈಟಿಯ ದೊರೆ ಆನ್ರಿ ಕ್ರಿಸ್ತೋಫನ ಸೇನೆಗೆ. 1811ರಲ್ಲಿ ಪಟ್ಟಕ್ಕೇರಿದ ಅವನು 1820ರಲ್ಲಿ ಸತ್ತ, ಅವನ ರಾಜ್ಯವೂ ಅಲ್ಲಿಗೇ ಮುಗಿಯಿತು. ಗುಂಡಿಗಳು ವ್ಯಾಪಾರದ ಸರಕಾಗಿ ಆ ನದಿಯ ಮೂಲನಿವಾಸಿಗಳನ್ನು ತಲುಪಿದವು. ಹೈಟಿಯ ಸೇನೆ ಅತ್ತ ಸುಳಿದದ್ದೇ ಇಲ್ಲ.

ಗುಂಡಿ ಯಾರಿಗೆಂದು ತಯಾರಾಯಿತು ಎನ್ನುವುದು ಒಂದು ಪ್ರಶ್ನೆ. ಯಾರ ಕೈಯಿಂದ ಮಣ್ಣಿಗೆ ಬಿತ್ತು ಎನ್ನುವುದು ಬೇರೆಯೇ ಪ್ರಶ್ನೆ. ಇವೆರಡನ್ನೂ ಕಲಸಿಬಿಟ್ಟರೆ ಪತ್ತೆ ದಾರಿ ತಪ್ಪುತ್ತದೆ.

ಮೊದಲಿಗೆ, ಸಿಕ್ಕಿದ್ದನ್ನು ಉಜ್ಜಬೇಡಿ. ಕೆಲವು ಗುಂಡಿಗಳ ಮೇಲಿರುವ ಚಿನ್ನದ ಲೇಪ ಬಹಳ ತೆಳು. ಪಾಲಿಶ್ ಹಾಕಿದರೆ ಲೇಪದ ಜೊತೆಗೆ ಅಕ್ಷರಗಳ ಅಂಚೂ ಸವೆದುಹೋಗುತ್ತದೆ. ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ ಮೆತ್ತನೆಯ ಬ್ರಷ್ಷಿನಿಂದ ಮಣ್ಣು ಬಿಡಿಸಿದರೆ ಸಾಕು. ಹಿಂದಿನ ಕೊಂಡಿಯಲ್ಲಿ ದಾರದ ಎಳೆ ಉಳಿದಿದ್ದರೆ ನೀರೂ ಬೇಡ. ಆಮೇಲೆ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಗುಂಡಿಯ ಮಟ್ಟಕ್ಕೇ ಇಳಿಸಿ, ನಾಲ್ಕೂ ಕಡೆಯಿಂದ ಬೆಳಕು ಹಾಯಿಸಿ. ನೇರ ಬೆಳಕಿನಲ್ಲಿ ನುಣುಪಾಗಿ ಕಂಡ ಬೆನ್ನಿನಲ್ಲಿ ಸವೆದ ಅಕ್ಷರಗಳು ನೆರಳಾಗಿ ಎದ್ದು ಬರುತ್ತವೆ. ತಯಾರಕರ ಹೆಸರು, ಬೀದಿ, ಊರು ಸಿಗುವುದು ಈ ಬೆನ್ನಿನಲ್ಲೇ.

ಅಳತೆಗೆ ವರ್ನಿಯರ್ ಕ್ಯಾಲಿಪರ್ ಬಳಸಿ. ಗುಂಡಿ ವ್ಯಾಪಾರದ ಅಳತೆ ‘ಲೈನ್’. 40 ಲೈನ್ ಸೇರಿದರೆ ಒಂದು ಅಂಗುಲ, ಅಂದರೆ 25.4 ಮಿ.ಮೀ. ಕೋಟಿನ ಎದೆಯ ಗುಂಡಿಗಳು ದೊಡ್ಡವು, 15 ಮಿ.ಮೀ. ಆಸುಪಾಸಿನವು ಸಾಮಾನ್ಯವಾಗಿ ತೋಳಿನ ತುದಿಯವು ಇಲ್ಲವೇ ಟೋಪಿಯವು.

ಬ್ರಿಟಿಷ್ ಗುಂಡಿಗಳ ಕಾಲವನ್ನು ಅಚ್ಚುಕಟ್ಟಾಗಿ ಹಿಡಿಯಬಹುದು. ರೆಜಿಮೆಂಟಿನ ಸಂಖ್ಯೆ ಗುಂಡಿಗೆ ಬಂದದ್ದು 1767ರಲ್ಲಿ. ಕಾಲಾಳು ಪಡೆಯ ಸಾಮಾನ್ಯ ಸೈನಿಕರಿಗೆ 1855ರವರೆಗೆ ತವರದ ಮಿಶ್ರಲೋಹವಾದ ಪ್ಯೂಟರ್ ಗುಂಡಿ, ಆಮೇಲೆ ಹಿತ್ತಾಳೆ. 1871ರಲ್ಲಿ ಅವರ ಸಂಖ್ಯೆ ಹೋಗಿ ರಾಜಲಾಂಛನ ಬಂತು. ಅಧಿಕಾರಿಗಳ ಗುಂಡಿಯಲ್ಲಿ ಸಂಖ್ಯೆ 1881ರವರೆಗೂ ಉಳಿಯಿತು. ಹಾಗಾಗಿ ಸಾಮಾನ್ಯ ಸೈನಿಕನ ಹಿತ್ತಾಳೆ ಗುಂಡಿಯಲ್ಲಿ ಸಂಖ್ಯೆ ಕಂಡರೆ ಅದು ತಯಾರಾದ ಕಾಲ ಹದಿನಾರು ವರ್ಷಗಳೊಳಗೆ ಸಿಕ್ಕಿಬೀಳುತ್ತದೆ. ಕಿರೀಟದ ವಿಷಯದಲ್ಲಿ ಮಾತ್ರ ಎಡವುವವರು ಬಹಳ. ನಡುವೆ ತಗ್ಗಿದ ಕಮಾನು ಕಂಡೊಡನೆ ವಿಕ್ಟೋರಿಯಾ ಕಾಲದ್ದು ಎಂದುಬಿಡುತ್ತಾರೆ; 1953ರ ನಂತರ ಎರಡನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ ಬಳಸಿದ ಕಿರೀಟದಲ್ಲೂ ಅದೇ ತಗ್ಗು ಇತ್ತು. ಕೈಯಲ್ಲಿ ಹಗುರವೆನಿಸಿದರೆ ಅದು ಅಲ್ಯುಮಿನಿಯಂ, ಅಂದರೆ ಈಚಿನದು.

ಸಂಖ್ಯೆ ಸಿಕ್ಕ ಮೇಲೆ ಆ ರೆಜಿಮೆಂಟ್ ಆಗ ಎಲ್ಲಿತ್ತೆಂದು ನೋಡಬೇಕು. ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯುಓ 17 ಎಂಬ ಸರಣಿಯಿದೆ. ರೆಜಿಮೆಂಟುಗಳ ಮಾಸಿಕ ವರದಿಗಳು ಅದರಲ್ಲಿವೆ. ಅಲ್ಲಿ ಊರು ಹೊಂದದಿದ್ದರೆ ಗುಜರಿ, ವಿನಿಮಯ, ಹಳೆ ಬಟ್ಟೆಯ ಮಾರಾಟ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಅದಕ್ಕೇ ಗುಂಡಿಯನ್ನು ಎತ್ತುವ ಮೊದಲು ಜಾಗ, ಆಳ, ಪಕ್ಕದಲ್ಲಿದ್ದ ವಸ್ತುಗಳನ್ನು ಬರೆದಿಡುವುದು ಇಷ್ಟು ಮುಖ್ಯ. 2001ರಲ್ಲಿ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಸಿಕ್ಕ ಸಾಮೂಹಿಕ ಸಮಾಧಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರ ಎಲುಬುಗಳಿದ್ದವು. ಅವುಗಳ ನಡುವೆಯೇ ನೆಪೋಲಿಯನ್ನನ ಹಲವು ರೆಜಿಮೆಂಟುಗಳ ಸಂಖ್ಯೆಯ ಗುಂಡಿಗಳೂ ಇದ್ದುದರಿಂದ, ಸತ್ತವರು ಅವನ 1812ರ ರಷ್ಯಾ ದಂಡಯಾತ್ರೆಯ ಸೈನಿಕರೆಂದು ಗೊತ್ತಾಯಿತು. ಅದೇ ಗುಂಡಿ ಒಂಟಿಯಾಗಿ ಹೊಲದಲ್ಲಿ ಸಿಕ್ಕಿದ್ದರೆ ಒಂದು ಕೋಟು ಹಾದುಹೋಯಿತು ಎನ್ನುವುದಕ್ಕಷ್ಟೇ ಸಾಕ್ಷಿಯಾಗುತ್ತಿತ್ತು.