ಹೆಸರಿಗಷ್ಟೇ ಹನ್ನೆರಡು ವೋಲ್ಟ್

ಹುಬ್ಬಳ್ಳಿಯ ಇಲೆಕ್ಟ್ರಿಕಲ್ ಅಂಗಡಿಗಳಲ್ಲಿ 5 ಮೀಟರಿನ ಸುರುಳಿಯಾಗಿ ಸಿಗುವ ಎಲ್‌ಇಡಿ ಪಟ್ಟಿಯ ಮೇಲೆ 12 ವೋಲ್ಟ್ ಎಂದು ಬರೆದಿರುತ್ತದೆ. ಟೆಂಪೋ ಟ್ರಾವೆಲರಿನ ಸೀಟು ಬಿಚ್ಚಿಸಿ, ಮಲಗಲು ಹಲಗೆ, ಒಲೆ ಇಡಲು ಕಟ್ಟೆ ಮಾಡಿಸಿಕೊಂಡವರು ಅದನ್ನೇ ತಂದು ಚಾವಣಿಯ ಎರಡೂ ಅಂಚಿಗೆ ಅಂಟಿಸುತ್ತಾರೆ. ಬ್ಯಾಟರಿ 12 ವೋಲ್ಟಿನದು, ಪಟ್ಟಿಯೂ 12 ವೋಲ್ಟಿನದು, ಮತ್ತೇನು ಬೇಕು? ಆದರೆ ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಪಟ್ಟಿಯಲ್ಲಿ ಮೂರು ಮೂರು ದೀಪಗಳ ತುಂಡುಗಳು ಅಲ್ಲಲ್ಲಿ ಮಿನುಗಿ ಆರತೊಡಗುತ್ತವೆ. ಮಾಲು ಕಳಪೆ ಎಂದು ಬೈದು ಇನ್ನೊಂದು ಸುರುಳಿ ತರುತ್ತಾರೆ. ಕಳಪೆ ಇದ್ದರೂ ಇರಬಹುದು. ಬಹಳ ಸಲ ಮಾತ್ರ ತಪ್ಪಿರುವುದು ಆ 12ನ್ನು ನಂಬಿದ್ದರಲ್ಲಿ.

ಗಾಡಿಯೊಳಗೆ ಸರಿಯಾಗಿ 12 ವೋಲ್ಟ್ ಇರುವ ಹೊತ್ತು ತೀರ ಕಡಿಮೆ. ತುಂಬಿ ನಿಂತ ಸೀಸದ ಬ್ಯಾಟರಿ 12.7 ವೋಲ್ಟ್ ತೋರಿಸುತ್ತದೆ, ಅರ್ಧ ಖಾಲಿಯಾದಾಗ 12.1ರ ಆಸುಪಾಸಿಗೆ ಇಳಿಯುತ್ತದೆ. ಎಂಜಿನ್ ಓಡುವಾಗ ಆಲ್ಟರ್ನೇಟರ್ 14.2ರಿಂದ 14.4 ವೋಲ್ಟ್ ಕೊಡುತ್ತದೆ. ಚಾವಣಿಯ ಮೇಲೆ ಸೋಲಾರ್ ಫಲಕ ಇದ್ದರೆ ಅದರ ಕಂಟ್ರೋಲರ್ ಕೂಡ ಅಲ್ಲಿಯವರೆಗೆ ಏರಿಸುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಚಾರ್ಜ್ ಆಗುವಾಗ 14.6ರವರೆಗೂ ಹೋಗಬಹುದು.

ಈ ಎರಡು ಎರಡೂವರೆ ವೋಲ್ಟಿನ ವ್ಯತ್ಯಾಸ ದೊಡ್ಡದೇ ಎಂಬುದು ಪಟ್ಟಿಯ ಒಳರಚನೆ ನೋಡಿದರೆ ತಿಳಿಯುತ್ತದೆ. ಒಂದೊಂದು ತುಂಡಿನಲ್ಲಿ ಮೂರು ಬಿಳಿ ಎಲ್‌ಇಡಿ ಸಾಲಾಗಿ ಕೂತಿರುತ್ತವೆ, ಜೊತೆಗೆ ವಿದ್ಯುತ್ತಿನ ಹರಿವನ್ನು ತಡೆಯುವ ಒಂದು ಚಿಕ್ಕ ರೆಸಿಸ್ಟರ್. ಅದರ ಮೇಲೆ 151 ಎಂದು ಅಚ್ಚಾಗಿದ್ದರೆ ಅದು 150 ಓಮ್‌ನದು. ಒಂದು ಬಿಳಿ ಎಲ್‌ಇಡಿ ಸುಮಾರು 3 ವೋಲ್ಟ್ ತಿನ್ನುತ್ತದೆ, ಮೂರಕ್ಕೆ 9. ಉಳಿದ 3 ವೋಲ್ಟ್ ರೆಸಿಸ್ಟರಿನ ಪಾಲು. ಹೀಗಾಗಿ 12 ವೋಲ್ಟಿನಲ್ಲಿ ಹರಿಯುವುದು 20 ಮಿಲಿ ಆಂಪಿಯರ್. ಅದನ್ನೇ 14.4ಕ್ಕೆ ಏರಿಸಿ ನೋಡಿ. ಎಲ್‌ಇಡಿಗಳು ಹೆಚ್ಚುವರಿ ವೋಲ್ಟನ್ನು ಅಷ್ಟಾಗಿ ಹಂಚಿಕೊಳ್ಳುವುದಿಲ್ಲ, ಹೆಚ್ಚುಕಡಿಮೆ ಎಲ್ಲವೂ ರೆಸಿಸ್ಟರಿನ ತಲೆಗೇ ಬರುತ್ತದೆ, ವಿದ್ಯುತ್ 33 ಮಿಲಿ ಆಂಪಿಯರ್ ಹತ್ತಿರ ಹೋಗುತ್ತದೆ. ವೋಲ್ಟ್ ಏರಿದ್ದು ಐದರಲ್ಲೊಂದು ಪಾಲು, ಖರ್ಚಾಗುವ ವ್ಯಾಟ್ ಮಾತ್ರ ಸುಮಾರು ಎರಡು ಪಟ್ಟು! ಬೆಳಕು ಎರಡು ಪಟ್ಟಾಗುವುದಿಲ್ಲ, ಮೂರನೇ ಒಂದಕ್ಕಿಂತ ಹೆಚ್ಚು ಪಾಲು ರೆಸಿಸ್ಟರಿನಲ್ಲೇ ಕಾವಾಗಿ ಹೋಗುತ್ತದೆ. ಗದಗಿನ ಏಪ್ರಿಲ್ ಬಿಸಿಲಲ್ಲಿ ದಿನವಿಡೀ ಕಾದ ಚಾವಣಿಗೆ ಈ ಕಾವೂ ಸೇರಿದರೆ ಮೊದಲು ಅಂಟು ಬಿಡುತ್ತದೆ. ಪಟ್ಟಿ ಜೋತುಬಿದ್ದು, ಕಾವು ಬಿಟ್ಟುಕೊಡಲು ತಗಡಿನ ಆಸರೆಯೂ ಇಲ್ಲದಂತಾಗಿ, ಆಮೇಲೆ ದೀಪಗಳೇ ಸುಡುತ್ತವೆ.

ಇದಕ್ಕೆ ಪರಿಹಾರ ಎರಡು. ಮೊದಲನೆಯದು, 10–30 ವೋಲ್ಟ್ ಎಂದು ಬರೆದಿರುವ ದೀಪಗಳನ್ನೇ ಕೊಳ್ಳುವುದು. ಅವುಗಳೊಳಗೆ ವಿದ್ಯುತ್ತನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಡ್ರೈವರ್ ಇರುತ್ತದೆ. ಬೆಲೆ ಜಾಸ್ತಿ, ಆದರೆ ಓದುವ ದೀಪ ಮತ್ತು ಚಾವಣಿಯ ದುಂಡು ದೀಪಕ್ಕೆ ಇದೇ ಸರಿ. ಪಟ್ಟಿಯೇ ಬೇಕೆಂದಾದರೆ ಬ್ಯಾಟರಿಗೂ ಪಟ್ಟಿಗೂ ನಡುವೆ ವೋಲ್ಟ್ ಇಳಿಸುವ ಒಂದು ಬಕ್ ಕನ್ವರ್ಟರ್ ಹಾಕಬೇಕು. ಪಟ್ಟಿ ಜೋಡಿಸುವ ಮೊದಲೇ ವೋಲ್ಟ್ ಅಳೆಯುವ ಮೀಟರ್ ಹಿಡಿದು, ಅದರ ಚಿಕ್ಕ ತಿರುಪನ್ನು ತಿರುಗಿಸಿ 11 ವೋಲ್ಟಿಗೆ ನಿಲ್ಲಿಸಿ. 12ಕ್ಕೆ ಬೇಡ, ಏಕೆಂದರೆ ಈ ಕನ್ವರ್ಟರ್ ಇಳಿಸಬಲ್ಲದೇ ಹೊರತು ಏರಿಸಲಾರದು, ಒಳಬರುವ ವೋಲ್ಟ್ ಹೊರಹೋಗುವುದಕ್ಕಿಂತ ಒಂದರಷ್ಟಾದರೂ ಹೆಚ್ಚಿರಬೇಕು. 11ರಲ್ಲಿ ಒಂದೊಂದು ತುಂಡಿಗೆ 13 ಮಿಲಿ ಆಂಪಿಯರ್ ಹರಿಯುತ್ತದೆ. ಬೆಳಕು ಮೂರನೇ ಒಂದರಷ್ಟು ಇಳಿಯುತ್ತದೆ ನಿಜ, ಅದಕ್ಕೆ ಪಟ್ಟಿಯನ್ನು ಒಂದೂವರೆ ಪಟ್ಟು ಉದ್ದ ಮಾಡಿದರೆ ಆಯಿತು. ರೆಸಿಸ್ಟರಿನ ಪೋಲು ಕಾಲು ಭಾಗದಿಂದ ಆರನೇ ಒಂದರ ಹತ್ತಿರಕ್ಕೆ ಇಳಿಯುತ್ತದೆ, ತಣ್ಣಗಿರುವ ಎಲ್‌ಇಡಿ ಒಂದು ವ್ಯಾಟಿಗೆ ಹೆಚ್ಚು ಬೆಳಕು ಕೊಡುತ್ತದೆ. ಸುಲಭವಾಗಿ ಸಿಗುವ ಎಲ್‌ಎಂ2596 ಕನ್ವರ್ಟರ್ ಮಾಡ್ಯೂಲಿನ ಮೇಲೆ 3 ಆಂಪಿಯರ್ ಎಂದಿದ್ದರೂ, ಕಾವು ಹೀರುವ ತಗಡಿಲ್ಲದೆ 2 ಆಂಪಿಯರ್ ದಾಟಿಸಬೇಡಿ. ರೇಡಿಯೊದ ಹತ್ತಿರ ಇಟ್ಟರೆ ಎಫ್‌ಎಂನಲ್ಲಿ ಗೊರಗೊರ ಸದ್ದು ಬರಬಹುದು, ದೂರ ಸರಿಸಿ.

ಎಷ್ಟು ಬೆಳಕು ಸಾಕು? ಮೂರೂವರೆ ಮೀಟರ್ ಉದ್ದ, 1.7 ಮೀಟರ್ ಅಗಲದ ಒಳಜಾಗವೆಂದರೆ ಸುಮಾರು 6 ಚದರ ಮೀಟರ್. ಕೂತು ಮಾತಾಡಲು, ಉಣ್ಣಲು 100 ಲಕ್ಸ್ ಧಾರಾಳ. ಲುಮೆನ್ ಎಂದರೆ ಬೆಳಕಿನ ಒಟ್ಟು ಪ್ರಮಾಣ, ಲಕ್ಸ್ ಎಂದರೆ ಒಂದು ಚದರ ಮೀಟರಿಗೆ ಬೀಳುವ ಲುಮೆನ್. ಅಂದರೆ 600 ಲುಮೆನ್ ಕೆಳಗೆ ತಲುಪಬೇಕು. ಗೋಡೆ ಚಾವಣಿ ಬಿಳಿಯಾಗಿದ್ದರೆ ದೀಪದಿಂದ 1,000 ಲುಮೆನ್ ಹೊರಟರೆ ಸಾಕು, ಒಳ್ಳೆಯ ಎಲ್‌ಇಡಿಗೆ ಅದು 10 ವ್ಯಾಟಿನ ಕೆಲಸ. ಆದರೆ ನಮ್ಮಲ್ಲಿ ಒಳಗೆಲ್ಲ ಕಡುಕೆಂಪು ಇಲ್ಲವೆ ಕಂದು ರೆಕ್ಸಿನ್ ಹೊದಿಸುವ ಚಾಳಿ ಉಂಟು. ಅದು ಬಿದ್ದ ಬೆಳಕಿನ ಬಹುಪಾಲನ್ನು ನುಂಗಿಬಿಡುತ್ತದೆ. ಯಾವ ದೀಪ ಎಂದು ಅಂಗಡಿ ಅಂಗಡಿ ತಿರುಗುವ ಮೊದಲು ಚಾವಣಿಗೆ ಬಿಳಿ ಹೊದಿಕೆ ಹಾಕಿಸಿ, ಉಳಿತಾಯ ಅಲ್ಲಿಂದಲೇ ಶುರುವಾಗುತ್ತದೆ.

ಓದಲು, ಹೆಚ್ಚಲು ಬೇಕಾದ 300 ಲಕ್ಸನ್ನು ಚಾವಣಿಯಿಂದ ಸುರಿಸುವ ಅಗತ್ಯವಿಲ್ಲ. ದೀಪದ ದೂರ 1.2 ಮೀಟರಿನಿಂದ 40 ಸೆಂಟಿಮೀಟರಿಗೆ ಇಳಿದರೆ ಪುಸ್ತಕದ ಮೇಲೆ ಬೀಳುವ ಬೆಳಕು ಒಂಬತ್ತು ಪಟ್ಟಾಗುತ್ತದೆ. ತಲೆದಿಂಬಿನ ಪಕ್ಕದ 2 ವ್ಯಾಟ್ ದೀಪ ಈ ಕೆಲಸಕ್ಕೆ ಬೇಕಾದಷ್ಟಾಯಿತು.

ಒಂದು ಸಂಜೆಯ ಲೆಕ್ಕ ಹೀಗೆ. ಚಾವಣಿಯ 10 ವ್ಯಾಟ್ 3 ಗಂಟೆ, ಅಡುಗೆಕಟ್ಟೆಯ 5 ವ್ಯಾಟ್ 1 ಗಂಟೆ, ಓದುವ ಎರಡು ದೀಪ ಒಂದೂವರೆ ಗಂಟೆ, ರಾತ್ರಿಯಿಡೀ 0.3 ವ್ಯಾಟಿನ ಸಣ್ಣ ದೀಪ. ಎಲ್ಲ ಕೂಡಿದರೂ 45 ವ್ಯಾಟ್-ಗಂಟೆ ದಾಟುವುದಿಲ್ಲ. 100 ಆಂಪಿಯರ್-ಗಂಟೆಯ (ಎಎಚ್) ಸೀಸದ ಬ್ಯಾಟರಿಯನ್ನು ಅರ್ಧದಷ್ಟು ಮಾತ್ರ ಬಳಸಿದರೂ 600 ವ್ಯಾಟ್-ಗಂಟೆ ಸಿಗುತ್ತದೆ. ಇದೇ ಜಾಗದಲ್ಲಿ ಇನ್ವರ್ಟರ್ ಹಾಕಿ ಮನೆಯ 230 ವೋಲ್ಟಿನ 9 ವ್ಯಾಟ್ ಬಲ್ಬ್ ಉರಿಸುವವರಿದ್ದಾರೆ. ಬಲ್ಬಿನದು ತಪ್ಪಲ್ಲ, ಆದರೆ ಏನೂ ಜೋಡಿಸದಿದ್ದರೂ ಇನ್ವರ್ಟರ್ ತನಗೇ 10 ವ್ಯಾಟ್ ತಿನ್ನುವಂಥದ್ದಾಗಿದ್ದರೆ, ಐದು ಗಂಟೆಗೆ 50 ವ್ಯಾಟ್-ಗಂಟೆ ಹೋಯಿತು. ಮೇಲೆ ಹೇಳಿದ ಎಲ್ಲ ದೀಪಗಳ ಖರ್ಚಿಗಿಂತ ಅದೇ ಹೆಚ್ಚು.

ಬಣ್ಣದ ಮಾತಿಗೆ ಬಂದರೆ, ಬಿಳಿ ಎಲ್‌ಇಡಿ ಹುಟ್ಟಿನಿಂದ ನೀಲಿ. ಅದರ ಮೇಲೆ ಬಳಿದ ಹಳದಿ ಫಾಸ್ಫರ್ ಆ ನೀಲಿಯ ಒಂದಷ್ಟನ್ನು ಹಳದಿಯಾಗಿಸಿ, ಎರಡೂ ಬೆರೆತು ಬಿಳಿಯಾಗಿ ಕಾಣುತ್ತದೆ. (ಆ ನೀಲಿ ಎಲ್‌ಇಡಿಗಾಗಿಯೇ ಅಕಾಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂದದ್ದು.) ಈ ಬೆರಕೆಯಲ್ಲಿ ಕಡುಗೆಂಪು ಬಹಳ ಕಡಿಮೆ. ಅಗ್ಗದ ದೀಪದಡಿ ಒಂದು ಬ್ಯಾಡಗಿ ಮೆಣಸಿನಕಾಯಿ ಹಿಡಿದು ನೋಡಿ, ಹಗಲಲ್ಲಿ ಮಿರುಗುವ ಆ ಕೆಂಪು ಕಂದುಬಣ್ಣಕ್ಕೆ ತಿರುಗಿರುತ್ತದೆ. ಪೊಟ್ಟಣದ ಮೇಲೆ ಸಿಆರ್‌ಐ 90 ಅಥವಾ ಹೆಚ್ಚು (ಬಣ್ಣಗಳನ್ನು ಇದ್ದಂತೆ ತೋರಿಸುವ ಗುಣಕ್ಕೆ ನೂರರಲ್ಲಿ ಕೊಡುವ ಅಂಕ ಇದು) ಎಂದಿರುವ ದೀಪದಡಿ ಅದೇ ಕಾಯಿ ತನ್ನ ಬಣ್ಣದಲ್ಲೇ ಕಾಣುತ್ತದೆ. ಅಂಥ ದೀಪ ಅಷ್ಟೇ ವ್ಯಾಟಿಗೆ ತುಸು ಕಡಿಮೆ ಲುಮೆನ್ ಕೊಡುತ್ತದೆ. ಆದರೂ ಅಡುಗೆಕಟ್ಟೆಯ ಮೇಲೆ ಇದೇ ಇರಲಿ: ಪಲ್ಯ ಹತ್ತಿತೋ ಇಲ್ಲವೋ, ಕೈಗಾದ ಗಾಯ ಎಷ್ಟು ಕೆಂಪಗಿದೆ ಎಂದು ತಿಳಿಯಬೇಕಲ್ಲ.

ಮಲಗುವ ಕಡೆ 2,700ರಿಂದ 3,000 ಕೆಲ್ವಿನ್‌ನ ಹಳದಿ ಬೆಳಕು ಹಾಕಿ, 6,500ರ ಹಾಲುಬಿಳಿ ಬೇಡ. ನೀಲಿ ಹೆಚ್ಚಿದ್ದಷ್ಟೂ ಹುಳ ಹೆಚ್ಚು. ಮೊದಲ ಮಳೆ ಬಿದ್ದ ಸಂಜೆ ಹಾನಗಲ್ಲ ಕಡೆ ಬಾಗಿಲು ತೆರೆದಿಟ್ಟರೆ ರೆಕ್ಕೆಯ ಗೆದ್ದಲು ಹಾಸಿಗೆ ತುಂಬ ಬೀಳುತ್ತವೆ. ರಾತ್ರಿ ದೀಪ ಕೆಂಪು, ನೆಲದ ಮಟ್ಟದಲ್ಲಿ ಇದ್ದರೆ ಸಾಕು. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20–30 ನಿಮಿಷ ಬೇಕು, ಬಿಳಿ ಬೆಳಕು ಒಂದು ಕ್ಷಣದಲ್ಲಿ ಅದನ್ನು ಕೆಡಿಸುತ್ತದೆ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತು ನೋಡಲು ನಸುಕಿನಲ್ಲೇ ಇಳಿಯುವವರಿಗೆ ಕೆಂಪು ದೀಪದ ಬೆಲೆ ಗೊತ್ತಾಗುತ್ತದೆ.

ವೈರಿಂಗಿನಲ್ಲಿ ಮನೆಯ ಒಂಟಿ ತಂತಿಯ ವೈರು ಬೇಡ, ಅಲುಗಾಟಕ್ಕೆ ಅದು ಒಳಗೇ ಮುರಿಯುತ್ತದೆ. ಹಲವು ಎಳೆಯ 1 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ 5 ಮೀಟರ್ ಹೋಗಿ 5 ಮೀಟರ್ ಮರಳಿದರೆ, 2 ಆಂಪಿಯರಿಗೆ 0.35 ವೋಲ್ಟ್ ಇಳಿಯುತ್ತದೆ. ಅಷ್ಟು ನಡೆಯುತ್ತದೆ. ಪಟ್ಟಿಗೆ ಕ್ಲಿಪ್ ಸಿಕ್ಕಿಸುವ ಬದಲು ಬೆಸುಗೆ ಹಾಕಿಸಿ; ನವಲಗುಂದ, ರೋಣದ ಎರೆಹೊಲದ ಹಾದಿಗಳಲ್ಲಿ ಕುಲುಕಿ ಕುಲುಕಿ ಕ್ಲಿಪ್ಪು ಸಡಿಲಾಗುತ್ತದೆ, ಸಡಿಲಾದಲ್ಲಿ ಕಾಯುತ್ತದೆ. ಬ್ಯಾಟರಿಯ ಪ್ಲಸ್ಸಿನಿಂದ ಗೇಣುದ್ದದೊಳಗೆ 5 ಆಂಪಿಯರ್ ಫ್ಯೂಸ್ ಇರಲೇಬೇಕು. ಅದು ಕಾಯುವುದು ದೀಪವನ್ನಲ್ಲ, ವೈರನ್ನು. ಪಟ್ಟಿಯನ್ನು ಬರೀ ರೆಕ್ಸಿನ್ ಮೇಲೆ ಅಂಟಿಸದೆ ಅಲ್ಯೂಮಿನಿಯಂ ಚಾನೆಲಿನೊಳಗೆ ಕೂರಿಸಿ, ಚಾನೆಲನ್ನು ಸ್ಕ್ರೂ ಹಾಕಿ ಬಿಗಿಯಿರಿ.

ಬೆಳಕು ತಗ್ಗಿಸುವ ಡಿಮ್ಮರ್ ಕೊಳ್ಳುವಾಗ ಅಂಗಡಿಯಲ್ಲೇ ಅರ್ಧಕ್ಕೆ ತಿರುಗಿಸಿ ಮೊಬೈಲ್ ಕ್ಯಾಮೆರಾ ಹಿಡಿಯಿರಿ. ಪರದೆಯಲ್ಲಿ ದಪ್ಪ ಕಪ್ಪು ಪಟ್ಟೆಗಳು ಹರಿದರೆ ಅದು ನಿಧಾನವಾಗಿ ಮಿನುಗುವ ಜಾತಿ, ಅದರಡಿ ಓದುವಾಗ ಕೆಲವರಿಗೆ ತಲೆನೋವು ಬರುತ್ತದೆ, ಬೇರೆ ಕೇಳಿ. ಎಲ್ಲ ಜೋಡಿಸಿಯಾದ ಮೇಲೆ ಎಂಜಿನ್ ಓಡಿಸಿಟ್ಟು ಅರ್ಧ ಗಂಟೆ ದೀಪ ಹಚ್ಚಿ, ಚಾನೆಲಿಗೆ ಬೆರಳಿಡಿ. ಬೆರಳು ಇಟ್ಟಲ್ಲಿ ಇಡಲಾಗದಷ್ಟು ಸುಟ್ಟರೆ ಕನ್ವರ್ಟರಿನ ತಿರುಪನ್ನು ಇನ್ನು ಕಾಲು ವೋಲ್ಟ್ ಇಳಿಸಿ, ಮತ್ತೆ ಅರ್ಧ ಗಂಟೆ ನೋಡಿ.