ಆಂಜೂ ಡ್ಯೂಕ್ ಯಾರು? ಸಿಂಹಾಸನ ಹೋದ ಮೇಲೂ ನಿಲ್ಲದ ಜಗಳ

ಫ್ರಾನ್ಸಿನಲ್ಲಿ ಈಗ ರಾಜರಿಲ್ಲ. ಕೊನೆಯ ರಾಜ ಲೂಯಿ ಫಿಲಿಪ್ 1848ರಲ್ಲಿ ಪ್ಯಾರಿಸ್ ಬಿಟ್ಟು ಓಡಿಹೋದ. 1870ರಲ್ಲಿ ಚಕ್ರವರ್ತಿ ಮೂರನೇ ನೆಪೋಲಿಯನ್ ಕೂಡ ಹೋದ. ಆದರೂ ಹದಿನಾರನೇ ಲೂಯಿಯ ತಲೆ ಕಡಿದ ಜನವರಿ 21 ಬಂತೆಂದರೆ ಪ್ಯಾರಿಸ್ಸಿನಲ್ಲಿ ಅವನ ಹೆಸರಿನಲ್ಲಿ ಪ್ರಾರ್ಥನೆ ನಡೆಯುತ್ತದೆ. ರಾಜಮನೆತನದ ಅಭಿಮಾನಿಗಳು ಸೇರುತ್ತಾರೆ. ಅಲ್ಲಿ ಕಾಣಿಸಿಕೊಳ್ಳುವ ಲೂಯಿ ಅಲ್ಫಾನ್ಸ್ ಎಂಬುವರನ್ನು ಅವರ ಬೆಂಬಲಿಗರು ‘ಇಪ್ಪತ್ತನೇ ಲೂಯಿ’ ಎಂದು ಕರೆಯುತ್ತಾರೆ. ಪತ್ರಿಕೆಗಳು ‘ಆಂಜೂ ಡ್ಯೂಕ್’ ಎಂದು ಬರೆಯುತ್ತವೆ. ಇನ್ನೊಂದು ಬಣವನ್ನು ಕೇಳಿದರೆ ಆಂಜೂ ಡ್ಯೂಕ್ ಅವರಲ್ಲ, ಬೇರೆಯವರು.

ಒಂದೇ ಬಿರುದಿಗೆ ಇಬ್ಬರು ಹೇಗೆ? ಇದು ಗೊತ್ತಾಗಬೇಕಾದರೆ ತುಂಬ ಹಿಂದಕ್ಕೆ ಹೋಗಬೇಕು.

ಆಂಜೂ ಅನ್ನುವುದು ಪಶ್ಚಿಮ ಫ್ರಾನ್ಸಿನಲ್ಲಿ ಲ್ವಾರ್ ನದಿಯ ಆಸುಪಾಸಿನ ಸೀಮೆ. ಅದರ ಮುಖ್ಯ ಊರು ಆಂಜೆ. ಹದಿನೇಳು ದಪ್ಪ ಬುರುಜುಗಳ ಕೋಟೆ ಈಗಲೂ ಅಲ್ಲಿದೆ. ಮೊದಲು ಇಲ್ಲಿ ಕೌಂಟ್‌ಗಳ ಆಳ್ವಿಕೆ. ಅವರ ವಂಶದವನೇ 1154ರಲ್ಲಿ ಇಂಗ್ಲೆಂಡಿನ ರಾಜನಾದ ಎರಡನೇ ಹೆನ್ರಿ. ಆಮೇಲೆ ಫ್ರಾನ್ಸಿನ ರಾಜರು ಸೀಮೆಯನ್ನು ಕಿತ್ತುಕೊಂಡರು. 1246ರಲ್ಲಿ ಒಂಬತ್ತನೇ ಲೂಯಿ ಅದನ್ನು ತಮ್ಮನಿಗೆ ಕೊಟ್ಟ. 1360ರಲ್ಲಿ ಅದು ಡ್ಯೂಕ್ ಪದವಿಗೆ ಏರಿತು. 1481ರಲ್ಲಿ ಅಲ್ಲಿನ ವಂಶ ನಿಂತು ಸೀಮೆ ಮತ್ತೆ ರಾಜನ ಕೈಸೇರಿತು. ಮುನ್ನೂರಕ್ಕೂ ಹೆಚ್ಚು ವರ್ಷದ ಯುದ್ಧ, ಮದುವೆ, ಸಾವುಗಳನ್ನು ಹಾರಿಸಿ ಹೇಳಿದ್ದೇನೆ. ನಮಗೆ ಬೇಕಾದ್ದು ಅದರೊಳಗಿನ ಒಂದು ನಿಯಮ ಮಾತ್ರ.

ಫ್ರಾನ್ಸಿನಲ್ಲಿ ರಾಜ್ಯ ಹಿರಿಯ ಮಗನಿಗೆ. ಕಿರಿಯರ ಜೀವನಕ್ಕೆ ಒಂದೊಂದು ಸೀಮೆ ಬಿಟ್ಟುಕೊಡುತ್ತಿದ್ದರು. ಇದಕ್ಕೆ ‘ಅಪನಾಜ್’ ಎಂದು ಹೆಸರು. ಪಡೆದವನಿಗೆ ಅದನ್ನು ಮಾರುವ ಹಕ್ಕಿಲ್ಲ. ಅವನ ಗಂಡು ಸಂತಾನ ನಿಂತರೆ ಸೀಮೆ ವಾಪಸ್. ಅವನೇ ರಾಜನಾದರೂ ವಾಪಸ್. ಬಿರುದೂ ಅಷ್ಟೇ, ಅರಮನೆಯಿಂದ ಬಂದು ಅರಮನೆಗೇ ಮರಳುವಂಥದ್ದು. 1481ರ ನಂತರ ಆಂಜೂ ಬಿರುದು ರಾಜನ ಎರಡನೆಯ, ಮೂರನೆಯ ಮಕ್ಕಳ ನಡುವೆ ಸುತ್ತಿತು. ಮುಂದೆ ರಾಜನಾದ ಮೂರನೇ ಹೆನ್ರಿಗೆ ಅದಿತ್ತು. ಅವನ ತಮ್ಮ ಫ್ರಾನ್ಸ್ವಾಗೂ ಬಂತು. ಹದಿನಾಲ್ಕನೇ ಲೂಯಿಯ ತಮ್ಮನಿಗೂ ಚಿಕ್ಕಂದಿನಲ್ಲಿ ಅದೇ ಬಿರುದು. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಅಂತ ಅದು ಇಳಿದಿದ್ದು ಕಾಣುವುದಿಲ್ಲ. ಇವತ್ತು ‘ಪರಂಪರೆಯಿಂದ ಬಂದ ಬಿರುದು’ ಎಂಬ ಮಾತು ಕೇಳಿದಾಗ ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಈಗಿನ ತಕರಾರು ಶುರುವಾಗುವುದು 1683ರ ಡಿಸೆಂಬರಿನಲ್ಲಿ ವರ್ಸೈನಲ್ಲಿ ಹುಟ್ಟಿದ ಒಬ್ಬ ಹುಡುಗನಿಂದ. ಹೆಸರು ಫಿಲಿಪ್. ಹದಿನಾಲ್ಕನೇ ಲೂಯಿಯ ಎರಡನೇ ಮೊಮ್ಮಗ. ಹುಟ್ಟಿದಾಗಲೇ ಆಂಜೂ ಡ್ಯೂಕ್ ಎಂದು ಕರೆದರು. ಅಣ್ಣ ಬರ್ಗಂಡಿ ಡ್ಯೂಕ್ ಇದ್ದ, ಅವನಿಗೆ ಮಕ್ಕಳಾಗುವ ನಿರೀಕ್ಷೆಯಿತ್ತು. ಫಿಲಿಪ್ ರಾಜನಾಗುತ್ತಾನೆ ಎಂದು ಯಾರೂ ಅಂದುಕೊಂಡಿರಲಿಲ್ಲ.

1700ರ ನವೆಂಬರ್ 1ರಂದು ಸ್ಪೇನಿನ ಎರಡನೇ ಕಾರ್ಲೋಸ್ ಮಕ್ಕಳಿಲ್ಲದೆ ಸತ್ತ. ಉಯಿಲು ತೆರೆದು ನೋಡಿದರೆ ಇಡೀ ಸಾಮ್ರಾಜ್ಯ ಫಿಲಿಪನ ಹೆಸರಿಗೆ. ನವೆಂಬರ್ 16ರಂದು ಹದಿನಾಲ್ಕನೇ ಲೂಯಿ ಸ್ಪೇನಿನ ರಾಯಭಾರಿಯನ್ನು ತನ್ನ ಕೋಣೆಗೆ ಕರೆಸಿಕೊಂಡು, ಇವನೇ ನಿನ್ನ ರಾಜ ಎಂದು ತೋರಿಸಿದ. ರಾಯಭಾರಿ ಮೊಣಕಾಲೂರಿದ. ಬಳಿಕ ಲೂಯಿ ಕೋಣೆಯ ಎರಡೂ ಬಾಗಿಲು ತೆಗೆಸಿ ಹೊರಗೆ ಕಾದಿದ್ದ ಆಸ್ಥಾನದವರ ಮುಂದೆ ಹದಿನಾರರ ಹುಡುಗನನ್ನು ಸ್ಪೇನಿನ ರಾಜ ಎಂದು ಸಾರಿದ. ಮರುತಿಂಗಳು ಇನ್ನೊಂದು ಕಾಗದವೂ ಹೊರಟಿತು. ಸ್ಪೇನಿಗೆ ಹೋದರೂ ಫಿಲಿಪನಿಗೆ ಫ್ರಾನ್ಸಿನ ಸಿಂಹಾಸನದ ಹಕ್ಕು ಹಾಗೇ ಉಳಿಯುತ್ತದೆ ಎಂದು ಅದರಲ್ಲಿತ್ತು. ಯುರೋಪ್ ಗಾಬರಿಯಾಯಿತು. ಎರಡು ಕಿರೀಟ ಒಂದೇ ತಲೆ ಮೇಲೆ ಕೂತರೆ ಉಳಿದವರ ಗತಿ ಏನು? ಯುದ್ಧ ಹತ್ತು ವರ್ಷ ದಾಟಿತು.

ಸ್ಪೇನಿಗೆ ಹೊರಟ ಫಿಲಿಪ್ ಆಂಜೂ ಬಿರುದನ್ನು ಕಟ್ಟಿಕೊಂಡು ಹೋಗಲಿಲ್ಲ. 1710ರ ಫೆಬ್ರವರಿಯಲ್ಲಿ ಅಣ್ಣನಿಗೆ ಇನ್ನೊಂದು ಗಂಡು ಮಗು ಹುಟ್ಟಿತು. ಆ ಮಗುವಿಗೆ ಕೊಟ್ಟ ಬಿರುದು ಆಂಜೂ ಡ್ಯೂಕ್! ಫಿಲಿಪ್ ಆಗ ಮ್ಯಾಡ್ರಿಡ್‌ನಲ್ಲಿ ಗಟ್ಟಿಮುಟ್ಟಾಗಿ ರಾಜ್ಯವಾಳುತ್ತಿದ್ದ, ಅವನಿಗೆ ಗಂಡು ಮಗುವೂ ಇತ್ತು. ಬಿರುದು ಅವನ ಸ್ವಂತದ್ದಾಗಿದ್ದರೆ ಹೀಗೆ ಕೊಡುತ್ತಿದ್ದರೇ?

ಆ ಮಗು ಬದುಕಿದ ಕಥೆಯೇ ಬೇರೆ. 1711ರ ಏಪ್ರಿಲ್‌ನಲ್ಲಿ ಸಿಡುಬು ಬಂದು ರಾಜನ ಮಗ ಸತ್ತ. 1712ರ ಫೆಬ್ರವರಿಯಲ್ಲಿ ದಡಾರ. ಬರ್ಗಂಡಿ ಡ್ಯೂಕನ ಹೆಂಡತಿ ಸತ್ತಳು, ಒಂದು ವಾರ ತುಂಬುವುದರೊಳಗೆ ಅವನೂ ಸತ್ತ. ಮಾರ್ಚಿನಲ್ಲಿ ಅವರ ಇಬ್ಬರು ಮಕ್ಕಳೂ ಮಲಗಿದರು. ವೈದ್ಯರು ದೊಡ್ಡ ಹುಡುಗನ ರಕ್ತ ತೆಗೆದರು, ಹುಡುಗ ಉಳಿಯಲಿಲ್ಲ. ಮಕ್ಕಳ ಮೇಲ್ವಿಚಾರಣೆಯ ಮದಾಂ ದ ವಾಂತಾದೂರ್ ಚಿಕ್ಕವನನ್ನು ತನ್ನ ಬಳಿಯೇ ಇಟ್ಟುಕೊಂಡಳು, ವೈದ್ಯರು ಮುಟ್ಟಲು ಬಿಡಲಿಲ್ಲ. ಆ ಎರಡು ವರ್ಷದ ಮಗು ಮುಂದೆ ಹದಿನೈದನೇ ಲೂಯಿ ಆಯಿತು. ಅವಳು ಹಟ ಹಿಡಿಯದೇ ಇದ್ದಿದ್ದರೆ ಫ್ರಾನ್ಸಿನ ಹಿರಿಯ ಶಾಖೆಯಲ್ಲಿ ಮುಂದಿನವನು ಯಾರು ಗೊತ್ತಾ? ಸ್ಪೇನಿನ ಫಿಲಿಪ್.

ಬ್ರಿಟನ್ ಇದನ್ನು ನೋಡಿ ಬೆವರಿತು. ಶಾಂತಿ ಬೇಕಾದರೆ ಫಿಲಿಪ್ ಫ್ರಾನ್ಸಿನ ಹಕ್ಕು ಬಿಡಬೇಕು ಎಂದು ಪಟ್ಟು ಹಿಡಿಯಿತು. ಫ್ರೆಂಚ್ ಮಂತ್ರಿ ತೋರ್ಸಿ ಕೊಟ್ಟ ಉತ್ತರ ಸೊಗಸಾಗಿದೆ. ನಮ್ಮಲ್ಲಿ ಸಿಂಹಾಸನ ದೇವರ ನಿಯಮದಿಂದ ಬರುತ್ತದೆ, ಹಾಗಾಗಿ ಯಾವ ರಾಜಕುಮಾರನೂ ಅದನ್ನು ಬಿಟ್ಟುಕೊಡಲಾರ, ಬಿಟ್ಟುಕೊಟ್ಟರೂ ಆ ಕಾಗದಕ್ಕೆ ಬೆಲೆಯಿಲ್ಲ ಎಂದು ಬರೆದ. ಬ್ರಿಟನ್ನಿನ ಮಂತ್ರಿ ಬೋಲಿಂಗ್‌ಬ್ರೋಕ್ ತಿರುಗಿ ಬರೆದ: ನೀವು ಫ್ರಾನ್ಸಿನಲ್ಲಿ ಹಾಗೆ ನಂಬಿ, ಬೇಡ ಅನ್ನುವುದಿಲ್ಲ. ರಾಜಕುಮಾರ ತಾನಾಗಿಯೇ ತನ್ನ ಹಕ್ಕು ಬಿಡಬಹುದು ಎಂದು ನಾವು ಇಲ್ಲಿ ನಂಬುತ್ತೇವೆ, ಅದಕ್ಕೂ ಅವಕಾಶ ಕೊಡಿ.

ಕೊನೆಗೆ ಗೆದ್ದದ್ದು ಬ್ರಿಟನ್ನಿನ ನಂಬಿಕೆ. ಸ್ಪೇನ್ ಬಿಟ್ಟರೆ ಫ್ರಾನ್ಸಿನ ಹಕ್ಕು ಉಳಿಯುತ್ತದೆ ಎಂಬ ದಾರಿಯೂ ಫಿಲಿಪನ ಮುಂದಿತ್ತು. ಅವನು ಸ್ಪೇನನ್ನೇ ಆರಿಸಿಕೊಂಡ. 1712ರ ನವೆಂಬರಿನಲ್ಲಿ ತನ್ನ ಮತ್ತು ತನ್ನ ಸಂತತಿಯ ಫ್ರೆಂಚ್ ಹಕ್ಕನ್ನು ಬರೆದುಕೊಟ್ಟ. ಇತ್ತ ಅವನ ತಮ್ಮ ಬೆರಿ ಡ್ಯೂಕ್ ಮತ್ತು ಹದಿನಾಲ್ಕನೇ ಲೂಯಿಯ ತಮ್ಮನ ಮಗ ಓರ್ಲೆಯಾನ್ ಡ್ಯೂಕ್ ಸ್ಪೇನಿನ ಹಕ್ಕು ಬಿಟ್ಟರು. 1713ರ ಮಾರ್ಚಿನಲ್ಲಿ ಪ್ಯಾರಿಸ್ಸಿನ ಪಾರ್ಲಮಾಂ, ಅಂದರೆ ಅಲ್ಲಿನ ಉನ್ನತ ನ್ಯಾಯಾಲಯ, ಅದನ್ನು ದಾಖಲಿಸಿತು. ಏಪ್ರಿಲ್‌ನಲ್ಲಿ ಯುಟ್ರೆಕ್ಟ್ ಒಪ್ಪಂದ. ಇಂದಿನ ಎರಡೂ ಬಣಗಳು ಎಳೆದಾಡುವುದು ಇದೇ ಕಾಗದವನ್ನು. ಆ ಕಾಗದದ ವಿಷಯ ಸಿಂಹಾಸನ. ಆಂಜೂ ಡ್ಯೂಕ್ ಬಿರುದು ಮುಂದೆ ಯಾರಿಗೆ ಹೋಗಬೇಕು ಎಂಬುದನ್ನು ತೀರ್ಮಾನಿಸಲು ಅಲ್ಲಿ ಯಾರೂ ಕೂತಿರಲಿಲ್ಲ.

ಬಿರುದು ತನ್ನ ಪಾಡಿಗೆ ತಾನು ಸುತ್ತುತ್ತಲೇ ಇತ್ತು. ಹದಿನೈದನೇ ಲೂಯಿಯ ಎರಡನೇ ಮಗನಿಗೆ ಬಂತು, ಆ ಮಗು 1733ರಲ್ಲಿ ತೀರಿಕೊಂಡಿತು. 1771ರಲ್ಲಿ ರಾಜನ ಮೊಮ್ಮಗ ಪ್ರೊವಾನ್ಸ್ ಕೌಂಟ್‌ಗೆ ಅಪನಾಜ್ ಕೊಟ್ಟಾಗ ಅದರಲ್ಲಿ ಆಂಜೂ ಸೇರಿತ್ತು. ಅವನೇ ಮುಂದೆ ಹದಿನೆಂಟನೇ ಲೂಯಿ. ಅಷ್ಟರಲ್ಲಿ ಕ್ರಾಂತಿ ಬಂದು 1790ರ ಜೂನಿನಲ್ಲಿ ಕುಲೀನರ ಬಿರುದುಗಳನ್ನೆಲ್ಲ ರದ್ದು ಮಾಡಿತ್ತು. ಆಂಜೂ ಎಂಬ ಪ್ರಾಂತ್ಯವೂ ನಕ್ಷೆಯಿಂದ ಅಳಿಸಿಹೋಗಿ, ಬಹುಪಾಲು ಮೆನ್-ಎ-ಲ್ವಾರ್ ಎಂಬ ಜಿಲ್ಲೆಯಾಯಿತು. ಕುಲೀನ ಬಿರುದುಗಳು ಆಮೇಲೆ ವಾಪಸ್ ಬಂದವು, 1848ರಲ್ಲಿ ಮತ್ತೆ ಹೋದವು, 1852ರಲ್ಲಿ ಮತ್ತೆ ಬಂದವು.

ಜಗಳಕ್ಕೆ ಮತ್ತೆ ಜೀವ ಬಂದದ್ದು 1883ರಲ್ಲಿ. 1830ರಲ್ಲಿ ಹತ್ತನೇ ಚಾರ್ಲ್ಸ್ ಸಿಂಹಾಸನ ಕಳೆದುಕೊಂಡಾಗ ಅವನ ಮೊಮ್ಮಗ ಶಾಂಬೋರ್ ಕೌಂಟ್ ಹತ್ತು ವರ್ಷದವನೂ ಆಗಿರಲಿಲ್ಲ. ಕಿರೀಟ ಓರ್ಲೆಯಾನ್ ಶಾಖೆಯ ಲೂಯಿ ಫಿಲಿಪನಿಗೆ ಹೋಯಿತು. 1870ರ ನಂತರ ಫ್ರೆಂಚ್ ಸಂಸತ್ತೇ ಶಾಂಬೋರನನ್ನು ರಾಜನನ್ನಾಗಿ ಮಾಡಲು ತಯಾರಿತ್ತು. ಕ್ರಾಂತಿಯ ತ್ರಿವರ್ಣ ಧ್ವಜ ಒಪ್ಪಲಾರೆ, ಹಳೆಯ ರಾಜರ ಬಿಳಿ ಧ್ವಜವೇ ಬೇಕು ಎಂದು ಅವನು ಕೂತ. ಅವಕಾಶ ಕೈತಪ್ಪಿತು. 1883ರ ಆಗಸ್ಟ್ 24ರಂದು ಆಸ್ಟ್ರಿಯಾದ ಫ್ರೋಸ್‌ಡಾರ್ಫ್‌ನಲ್ಲಿ ಅವನು ಮಕ್ಕಳಿಲ್ಲದೆ ಸತ್ತ.

ಗೋರಿಟ್ಸಿಯಾದಲ್ಲಿ ಅಂತ್ಯಸಂಸ್ಕಾರ. ಶವದ ಹಿಂದೆ ಮೊದಲು ನಡೆಯುವವರು ಯಾರು? ಸಾಮಾನ್ಯ ಮನೆಗಳಲ್ಲೇ ಇಂಥದ್ದಕ್ಕೆ ಜಗಳವಾಗುತ್ತದೆ, ಇಲ್ಲಿ ಕೇಳಬೇಕೇ! ಓರ್ಲೆಯಾನ್ ಶಾಖೆಯ ಪ್ಯಾರಿಸ್ ಕೌಂಟ್ ಆ ಜಾಗ ತನ್ನದು ಎಂದ. ಶಾಂಬೋರನ ವಿಧವೆ ಅದನ್ನು ಸ್ಪೇನಿಗೆ ಹೋದ ಫಿಲಿಪನ ವಂಶದವರಿಗೆ ಕೊಟ್ಟಳು. ಪ್ಯಾರಿಸ್ ಕೌಂಟ್ ಗೋರಿಟ್ಸಿಯಾಕ್ಕೆ ಹೋಗಲೇ ಇಲ್ಲ. ಅಲ್ಲಿಂದ ಎರಡು ಬಣ. ಫ್ರಾನ್ಸಿನ ರಾಜಭಕ್ತರಲ್ಲಿ ಬಹುಪಾಲು ಜನ ಓರ್ಲೆಯಾನ್ ಕಡೆ ಹೋದರು. ಚಿಕ್ಕ ಗುಂಪೊಂದು ತೋರ್ಸಿಯ ಹಳೆಯ ವಾದ ಹಿಡಿದು ಸ್ಪೇನಿನ ಕಡೆ ನಿಂತಿತು. ಇವರೇ ಲೆಜಿಟಿಮಿಸ್ಟರು.

ಇಲ್ಲೊಂದು ತಮಾಷೆಯಿದೆ. ಫ್ರಾನ್ಸಿನಲ್ಲಿ ಗಂಡು ಸಂತತಿಗೆ ಮಾತ್ರ ಹಕ್ಕು, ಸ್ಪೇನಿನಲ್ಲಿ ಹೆಣ್ಣಿಗೂ ಉಂಟು. ಸ್ಪೇನಿನ ಹದಿಮೂರನೇ ಅಲ್ಫಾನ್ಸೋ ರಾಜನಾದದ್ದು ಅಜ್ಜಿ ಎರಡನೇ ಇಸಬೆಲ್ ಕಡೆಯಿಂದ. ಫ್ರಾನ್ಸಿನ ಮೇಲಿನ ಹಕ್ಕು ಬಂದದ್ದು ಅವಳ ಗಂಡನಾದ ಅಜ್ಜನ ಕಡೆಯಿಂದ! ಅದೂ 1936ರಲ್ಲಿ, ಇಸಬೆಲ್ ರಾಣಿಯಾದದ್ದನ್ನು ಒಪ್ಪದ ಹಿರಿಯ ಕಾರ್ಲಿಸ್ಟ್ ಶಾಖೆಯ ಕೊನೆಯವನು ವಿಯೆನ್ನಾದಲ್ಲಿ ವಾಹನ ಬಡಿದು ಸತ್ತ ಮೇಲೆ. ಅಷ್ಟು ಹೊತ್ತಿಗೆ ಅಲ್ಫಾನ್ಸೋ ಸ್ಪೇನ್ ಬಿಟ್ಟು ಐದು ವರ್ಷವಾಗಿತ್ತು.

1941ರಲ್ಲಿ ಅವನು ರೋಮಿನಲ್ಲಿ ತೀರಿಕೊಂಡ. ಬದುಕಿದ್ದವರಲ್ಲಿ ಹಿರಿಯ ಮಗ ಜೈಮೆ. ಬಾಲ್ಯದಿಂದಲೇ ಕಿವಿ ಕೇಳಿಸುತ್ತಿರಲಿಲ್ಲ. ಅದೇ ಕಾರಣಕ್ಕೆ 1933ರಲ್ಲಿ ಅವನಿಂದ ಸ್ಪೇನಿನ ಹಕ್ಕು ಬಿಡಿಸಿಕೊಂಡಿದ್ದರು. ಅದನ್ನು ಊರ್ಜಿತ ಎಂದು ಹಿಡಿದದ್ದರಿಂದಲೇ ಮುಂದೆ ಜೈಮೆಯ ತಮ್ಮನ ಮಗ ಹುವಾನ್ ಕಾರ್ಲೋಸ್ ಸ್ಪೇನಿನ ರಾಜನಾದದ್ದು. 1946ರಲ್ಲಿ ಜೈಮೆ ಆಂಜೂ ಡ್ಯೂಕ್ ಎಂಬ ಬಿರುದು ಹಾಕಿಕೊಂಡ. ಒಂದೇ ಮನೆತನದಲ್ಲಿ 1933ರ ಹಕ್ಕುತ್ಯಾಗ ಸ್ಪೇನಿನಲ್ಲಿ ನಡೆಯುತ್ತದೆ, 1712ರ ಹಕ್ಕುತ್ಯಾಗ ಫ್ರಾನ್ಸಿನಲ್ಲಿ ನಡೆಯುವುದಿಲ್ಲ. ಎರಡು ದೇಶ, ಎರಡು ಕಾನೂನು ಎಂದು ವಾದಿಸಬಹುದು, ವಾದ ಸುಳ್ಳೂ ಅಲ್ಲ. ಆದರೆ ಬಹಳ ಅನುಕೂಲದ ವಾದ, ಅಲ್ವಾ? ಓರ್ಲೆಯಾನ್ ಕಡೆಯವರದ್ದೂ ಇದೇ ಕಥೆ. 1712ರ ಕಾಗದವನ್ನು ಅವರು ಪವಿತ್ರ ಎನ್ನುತ್ತಾರೆ. ತಮ್ಮದೇ ಪೂರ್ವಜ 1830ರಲ್ಲಿ ಹಿರಿಯ ಶಾಖೆಯ ಬಾಲಕನನ್ನು ದಾಟಿ ಸಿಂಹಾಸನ ಏರಿದ್ದನ್ನು ಮಾತ್ರ ಬೇಗ ಹೇಳಿ ಮುಗಿಸುತ್ತಾರೆ.

ಜೈಮೆ 1975ರಲ್ಲಿ ತೀರಿಕೊಂಡ. ಅವನ ಮಗ ಅಲ್ಫಾನ್ಸೋ, ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋನ ಮೊಮ್ಮಗಳನ್ನು ಮದುವೆಯಾದವನು. ಅವನೂ ಆಂಜೂ ಡ್ಯೂಕ್ ಎಂದು ಕರೆಸಿಕೊಂಡ. ಜೊತೆಗೆ ಮೂರು ಲಿಲ್ಲಿ ಹೂವಿನ ಫ್ರೆಂಚ್ ಲಾಂಛನವನ್ನು ಏನೂ ಬದಲಾವಣೆ ಇಲ್ಲದೆ ಬಳಸಿದ. ಇದು ಮನೆತನದ ಮುಖ್ಯಸ್ಥನಿಗೆ ಮಾತ್ರ ಸಲ್ಲುವ ಗುರುತು ಎಂದು ಹಳೆಯ ರೂಢಿ. ಓರ್ಲೆಯಾನ್ ಶಾಖೆಯ ಹೆನ್ರಿ ಪ್ಯಾರಿಸ್ಸಿನ ನ್ಯಾಯಾಲಯಕ್ಕೆ ಹೋದರು. ಬಿರುದನ್ನೂ ಲಾಂಛನವನ್ನೂ ಬಳಸದಂತೆ ತಡೆಯಿರಿ ಎಂದು ಕೇಳಿದರು.

1988ರ ಡಿಸೆಂಬರ್ 21ರ ತೀರ್ಪು ಇಬ್ಬರಿಗೂ ಬೇಕಾದ್ದನ್ನು ಕೊಡಲಿಲ್ಲ. ಲಾಂಛನದ ಜಗಳದ ಹಿಂದೆ ರಾಜವಂಶದ ಪೈಪೋಟಿ ಇದೆ, ಅದನ್ನು ಬಗೆಹರಿಸುವುದು ಗಣರಾಜ್ಯದ ನ್ಯಾಯಾಲಯದ ಕೆಲಸವಲ್ಲ ಎಂದಿತು. ದಾವೆ ವಜಾ. ಅಲ್ಫಾನ್ಸೋ ಬೆಂಬಲಿಗರು ಇದನ್ನು ಗೆಲುವು ಎಂದು ಹೇಳಿಕೊಂಡರು. ತಡೆಯಲಿಲ್ಲ ಅಂದ ಮಾತ್ರಕ್ಕೆ ಒಪ್ಪಿದರು ಅಂತ ಆಗುವುದಿಲ್ಲ. ಆದರೆ ಬರೆಯುವಾಗ ಆ ವ್ಯತ್ಯಾಸ ಎಷ್ಟೋ ಸಲ ಜಾರಿಹೋಗಿದೆ. ತೀರ್ಪು ಬಂದು ಆರು ವಾರ ತುಂಬುವ ಮೊದಲೇ, 1989ರ ಜನವರಿ 30ರಂದು, ಅಮೆರಿಕದ ಕೊಲೊರಾಡೋದಲ್ಲಿ ಸ್ಕೀಯಿಂಗ್ ಮಾಡುವಾಗ ಕೇಬಲ್ಲಿಗೆ ಬಡಿದು ಅಲ್ಫಾನ್ಸೋ ಸತ್ತ. ಅವನ ಮಗನೇ ಲೂಯಿ ಅಲ್ಫಾನ್ಸ್, ಆಗ ಹದಿನಾಲ್ಕು ವರ್ಷ. ಅಣ್ಣ ಐದು ವರ್ಷ ಹಿಂದೆ ಕಾರು ಅಪಘಾತದಲ್ಲಿ ಹೋಗಿದ್ದ.

ಕೋರ್ಟಿನಲ್ಲಿ ತಡೆಯಲಾಗದ್ದನ್ನು ಓರ್ಲೆಯಾನ್ ಬಣ ಬೇರೆ ದಾರಿಯಲ್ಲಿ ಪ್ರಯತ್ನಿಸಿತು. 2004ರಲ್ಲಿ ಹೆನ್ರಿ ತಮ್ಮ ಸಹೋದರನ ಮಗ ಚಾರ್ಲ್ಸ್ ಫಿಲಿಪ್‌ಗೆ ಅದೇ ಆಂಜೂ ಡ್ಯೂಕ್ ಬಿರುದು ಕೊಟ್ಟರು. ರಾಜನಲ್ಲದವರು ಬಿರುದು ಕೊಡಬಹುದೇ ಎಂದು ಕೇಳಿದರೆ, ಮನೆತನದ ಯಜಮಾನರಾಗಿ ಕೊಟ್ಟದ್ದು ಎಂಬ ಉತ್ತರ. ಹೀಗೆ ಡ್ಯೂಕ್‌ಗಳು ಇಬ್ಬರಾದರು. ಹೆನ್ರಿ 2019ರಲ್ಲಿ ತೀರಿಕೊಂಡರು, ಅದೂ ಜನವರಿ 21ರಂದೇ. ಈಗ ಆ ಬಣದ ಮುಖ್ಯಸ್ಥರು ಅವರ ಮಗ ಜಾನ್.

ಫ್ರಾನ್ಸಿನ ಕಾನೂನಿನಲ್ಲಿ ಹಳೆಯ ಬಿರುದುಗಳಿಗೆ ಇವತ್ತಿಗೂ ಒಂದು ಜಾಗ ಇದೆ. ಅವು ಹೆಸರಿನ ಜೊತೆಗಿನ ಬಾಲದಂತೆ. ನ್ಯಾಯ ಇಲಾಖೆಯ ಒಂದು ವಿಭಾಗ ಮೂಲ ಪತ್ರ ನೋಡಿ, ಅಪ್ಪನಿಂದ ಮಗನಿಗೆ ಇಳಿದ ಸರಪಳಿ ತಾಳೆ ಹಾಕಿ ದಾಖಲಿಸಿಕೊಳ್ಳುತ್ತದೆ. ಹಾಗೆ ದಾಖಲಾದರೆ ಗುರುತಿನ ಚೀಟಿಯಲ್ಲೂ ಬರೆಸಬಹುದು. ಆಂಜೂ ಬಿರುದಿಗೆ ತೋರಿಸಲು ಅಂಥ ಸರಪಳಿಯೇ ಇಲ್ಲ. 1481ರ ನಂತರ ಅದು ಪ್ರತಿ ಸಲವೂ ರಾಜನ ಕೈಯಿಂದ ಹೊರಟು ರಾಜನ ಕೈಗೇ ಬಂದದ್ದು. ಪತ್ರಿಕೆಯಲ್ಲಿ ಆಂಜೂ ಡ್ಯೂಕ್ ಎಂದು ಓದಿದಾಗ ಪಕ್ಕದ ಹೆಸರು ನೋಡಿ. ಬೂರ್ಬನ್ ಎಂದಿದ್ದರೆ ಲೂಯಿ ಅಲ್ಫಾನ್ಸ್, ಓರ್ಲೆಯಾನ್ ಎಂದಿದ್ದರೆ ಚಾರ್ಲ್ಸ್ ಫಿಲಿಪ್. ಆಂಜೆ ಕೋಟೆಯ ಬೀಗದ ಕೈ ಮಾತ್ರ ಇಬ್ಬರ ಹತ್ತಿರವೂ ಇಲ್ಲ, ಅದು ಸರ್ಕಾರದ್ದು, ಟಿಕೆಟ್ ತಗೊಂಡು ಒಳಗೆ ಹೋಗಬೇಕು.