ಅಡ್ರೆಸ್ ಬಾರ್ ಕೆಳಗೆ ಇಳಿದದ್ದು ಯಾಕೆ?

ಪ್ರಶ್ನೆ: ಮೊಬೈಲ್ ಬ್ರೌಸರ್‌ನಲ್ಲಿ ಇಷ್ಟು ದಿನ ಮೇಲಿದ್ದ ಅಡ್ರೆಸ್ ಬಾರ್ ಈಗ ಕೆಳಗೆ ಬಂದು ಕೂತಿದೆ. ನಾನಂತೂ ಏನೂ ಮಾಡಿಲ್ಲ. ಇದು ಅಪ್‌ಡೇಟ್ ಕೆಲಸವೋ, ವೈರಸ್ಸೋ? ಮತ್ತೆ ಮೇಲಕ್ಕೆ ತರಬಹುದೇ? ಅಷ್ಟಕ್ಕೂ ಸರಿಯಾಗಿದ್ದುದನ್ನು ಯಾಕೆ ಬದಲಾಯಿಸುತ್ತಾರೆ?

ವೈರಸ್ ಖಂಡಿತ ಅಲ್ಲ. ನಿಮ್ಮದು ಐಫೋನ್ ಆಗಿದ್ದರೆ ಅದು ಅಪ್‌ಡೇಟಿನ ಕೆಲಸ. ಐಫೋನಿನದೇ ಬ್ರೌಸರ್ ಆದ ಸಫಾರಿಯಲ್ಲಿ 2021ರಿಂದಲೇ ಬಾರ್ ಕೆಳಗಿದೆ. ಹಳೆಯ ಐಫೋನಿನಿಂದ ಹೊಸದಕ್ಕೆ ಬಂದವರಿಗೆ ಇದು ಮೊದಲ ದಿನವೇ ಎದುರಾಗುತ್ತದೆ. ಆಂಡ್ರಾಯ್ಡ್ ಕ್ರೋಮ್ ಆಗಿದ್ದರೆ ಬಹುಶಃ ನೀವೇ ಗೊತ್ತಿಲ್ಲದೆ ಇಳಿಸಿದ್ದೀರಿ. 2025ರಲ್ಲಿ ಕ್ರೋಮ್ ಈ ಆಯ್ಕೆಯನ್ನು ಕೊಟ್ಟಿತು. ಬಾರ್ ಮೇಲೆ ಬೆರಳನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಅದನ್ನು ಕೆಳಕ್ಕೆ ಸರಿಸುವ ಮೆನು ತೆರೆಯುತ್ತದೆ. ಲಿಂಕ್ ಕಾಪಿ ಮಾಡಲು ಹೋಗಿ ಅದನ್ನು ಒತ್ತಿಬಿಡುವುದು ಸುಲಭ.

ಮೇಲಕ್ಕೆ ಕಳಿಸುವುದೂ ಅಷ್ಟೇ ಸುಲಭ. ಕ್ರೋಮ್‌ನಲ್ಲಿ ಬಾರನ್ನು ಮತ್ತೆ ಒತ್ತಿ ಹಿಡಿಯಿರಿ, ಇಲ್ಲವೇ ಮೂರು ಚುಕ್ಕಿಯ ಮೆನುವಿನಿಂದ ಸೆಟ್ಟಿಂಗ್ಸ್‌ಗೆ ಹೋಗಿ ಅಡ್ರೆಸ್ ಬಾರ್ ಅನ್ನುವುದನ್ನು ತೆರೆಯಿರಿ. ಐಫೋನಿನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಆ್ಯಪ್ಸ್, ಅದರೊಳಗೆ ಸಫಾರಿ. ಅಲ್ಲಿ ಟ್ಯಾಬ್ಸ್ ಎಂಬ ಭಾಗದಲ್ಲಿ ಆಯ್ಕೆ ಇದೆ. ಐಫೋನನ್ನು ನಡೆಸುವ ತಂತ್ರಾಂಶವಾದ ಐಒಎಸ್ 17 ಅಥವಾ ಅದಕ್ಕಿಂತ ಹಳೆಯದಾದರೆ ಸೆಟ್ಟಿಂಗ್ಸ್‌ನಲ್ಲಿ ಸಫಾರಿ ನೇರವಾಗಿಯೇ ಸಿಗುತ್ತದೆ. ಆಂಡ್ರಾಯ್ಡ್ ಫೈರ್‌ಫಾಕ್ಸ್‌ನಲ್ಲಿ ಸೆಟ್ಟಿಂಗ್ಸ್‌ನ ಕಸ್ಟಮೈಸ್ ಪುಟಕ್ಕೆ ಹೋಗಬೇಕು. ಇಷ್ಟೇ ಬೇಕಿದ್ದವರು ಇಲ್ಲಿಗೆ ನಿಲ್ಲಿಸಬಹುದು. ‘ಯಾಕೆ’ ಎಂಬುದಕ್ಕೆ ಉತ್ತರ ಸ್ವಲ್ಪ ಉದ್ದ.

ಬಾರ್ ಮೇಲಿದ್ದದ್ದು ಕಂಪ್ಯೂಟರಿನಿಂದ ಬಂದ ವಾಡಿಕೆ. ಮೌಸಿಗೆ ಪರದೆಯ ಮೇಲ್ತುದಿಯೂ ಒಂದೇ, ಕೆಳತುದಿಯೂ ಒಂದೇ. ಕೈಯನ್ನು ಒಂದಿಷ್ಟು ಸರಿಸಿದರೆ ಬಾಣ ಎಲ್ಲಿಗೆ ಬೇಕಾದರೂ ಹೋಗುತ್ತದೆ. 2007ರಲ್ಲಿ ಮೊದಲ ಐಫೋನ್ ಬಂದಾಗ ಅದೇ ವ್ಯವಸ್ಥೆಯನ್ನು ಹಾಗೇ ತಂದರು. ಆಗ ತೊಂದರೆಯೇನೂ ಆಗಲಿಲ್ಲ, ಏಕೆಂದರೆ ಆ ಫೋನಿನ ಪರದೆ 3.5 ಇಂಚು. ಅಂಗೈಯಲ್ಲಿ ಹಿಡಿದರೆ ಹೆಬ್ಬೆರಳು ನಾಲ್ಕೂ ಮೂಲೆಗೆ ತಲುಪುತ್ತಿತ್ತು. 2011ರಲ್ಲಿ ಸ್ಯಾಮ್‌ಸಂಗ್ 5.3 ಇಂಚಿನ ಗ್ಯಾಲಕ್ಸಿ ನೋಟ್ ತಂದಾಗ ಇದೇನು ಫೋನೋ ಹಲಗೆಯೋ ಎಂದು ನಕ್ಕವರು ಬಹಳ. ಮೂರೇ ವರ್ಷದಲ್ಲಿ ಆ್ಯಪಲ್ ಕೂಡ 5.5 ಇಂಚಿನ ಐಫೋನ್ 6 ಪ್ಲಸ್ ಮಾರಲು ನಿಂತಿತು. ಈಗ ಆರು ಇಂಚಿಗಿಂತ ಚಿಕ್ಕ ಫೋನ್ ಬೇಕೆಂದು ಅಂಗಡಿಗೆ ಹೋದರೆ ಬರಿಗೈಯಲ್ಲಿ ವಾಪಸ್ ಬರುವುದೇ ಹೆಚ್ಚು. ಪರದೆ ಬೆಳೆಯಿತು, ಹೆಬ್ಬೆರಳು ಬೆಳೆಯಲಿಲ್ಲ.

ಬಿಎಂಟಿಸಿ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡುವವರನ್ನು ಗಮನಿಸಿ. ಒಂದು ಕೈ ಮೇಲಿನ ಕಂಬಿಗೆ, ಇನ್ನೊಂದರಲ್ಲಿ ಫೋನ್. ಬಾರ್ ಮೇಲಿದ್ದರೆ ಅದನ್ನು ಮುಟ್ಟಲು ಅವರು ಫೋನನ್ನು ಅಂಗೈಯೊಳಗೇ ಮೆಲ್ಲಗೆ ಕೆಳಕ್ಕೆ ಜಾರಿಸುತ್ತಾರೆ, ಕಿರುಬೆರಳನ್ನು ಅಡಿಗೆ ಕೊಡುತ್ತಾರೆ, ಹೆಬ್ಬೆರಳನ್ನು ಚಾಚುತ್ತಾರೆ, ಮುಟ್ಟಿದ ಮೇಲೆ ಮತ್ತೆ ಮೇಲಕ್ಕೆ ನೂಕುತ್ತಾರೆ. ಡ್ರೈವರ್ ಬ್ರೇಕ್ ಹಾಕುವುದೂ ಆ ಗಳಿಗೆಯಲ್ಲೇ. ಸ್ಟೀವನ್ ಹೂಬರ್ ಎಂಬ ವಿನ್ಯಾಸಕಾರ 2013ರಲ್ಲಿ ರಸ್ತೆ, ಬಸ್ ನಿಲ್ದಾಣ, ವಿಮಾನ ನಿಲ್ದಾಣ, ಕಾಫಿ ಅಂಗಡಿಗಳಲ್ಲಿ 1,333 ಮಂದಿ ಫೋನ್ ಹಿಡಿದಿದ್ದನ್ನು ನೋಡಿ ಬರೆದಿಟ್ಟರು. ಫೋನನ್ನು ನೋಡುತ್ತಾ ಮುಟ್ಟುತ್ತಾ ಇದ್ದವರಲ್ಲಿ ಶೇ. 49ರಷ್ಟು ಮಂದಿ ಒಂದೇ ಕೈ ಬಳಸುತ್ತಿದ್ದರು. ಹೆಬ್ಬೆರಳಿಗೆ ಎಟುಕುವ ಜಾಗ, ಎಟುಕದ ಜಾಗ ಎಂದು ಪರದೆಗೆ ಬಣ್ಣ ಹಚ್ಚಿದ ಚಿತ್ರಗಳು ಅಂತರ್ಜಾಲದಲ್ಲಿ ತುಂಬಿಕೊಂಡಿದ್ದು ಆಮೇಲೆ. ಆದರೆ ಹೂಬರ್ ಮುಂದೆ ಹೇಳಿದ್ದನ್ನು ಆ ಚಿತ್ರ ಬರೆದವರು ಹೆಚ್ಚಾಗಿ ಬಿಟ್ಟುಬಿಡುತ್ತಾರೆ: ಜನ ಹಿಡಿತವನ್ನು ಮತ್ತೆ ಮತ್ತೆ ಬದಲಿಸುತ್ತಲೇ ಇರುತ್ತಾರೆ, ಅವರು ಗುರಿ ತಪ್ಪದೆ ಮುಟ್ಟುವುದು ಪರದೆಯ ನಡುಭಾಗವನ್ನು. ಎಲ್ಲವನ್ನೂ ಅಡಿಗೆ ತಳ್ಳಿದರೆ ಆಯಿತು ಎನ್ನುವಷ್ಟು ಸರಳ ಲೆಕ್ಕ ಇದಲ್ಲ.

ಫೋನ್ ತಯಾರಿಸುವವರಿಗೆ ಸಮಸ್ಯೆ ಮೊದಲೇ ಗೊತ್ತಿತ್ತು. ಐಫೋನ್ 6 ಜೊತೆಗೇ ‘ರೀಚಬಿಲಿಟಿ’ ಬಂತು. ಹೋಮ್ ಬಟನ್ನನ್ನು ಎರಡು ಸಲ ಮೆಲ್ಲಗೆ ಮುಟ್ಟಿದರೆ ಇಡೀ ಪರದೆ ಅರ್ಧ ಕೆಳಗಿಳಿಯುತ್ತಿತ್ತು. ಆಂಡ್ರಾಯ್ಡ್ 12ರಲ್ಲಿ ಒಂಟಿ ಕೈ ಮೋಡ್ ಕೊಟ್ಟರು. ಎರಡೂ ಇವತ್ತಿಗೂ ಇವೆ, ಬಳಸುವವರನ್ನು ಹುಡುಕಬೇಕು. ನನ್ನ ಮಟ್ಟಿಗೆ ಇವು ತೇಪೆ ಕೆಲಸ: ಬಟನ್ ತಪ್ಪು ಜಾಗದಲ್ಲಿದ್ದರೆ ಬಟನ್ನನ್ನು ಸರಿಸಬೇಕೇ ಹೊರತು ಪರದೆಯನ್ನಲ್ಲ. ಆ್ಯಪ್‌ಗಳು ಆ ದಾರಿ ಹಿಡಿದವು. 2016ರಲ್ಲಿ ಗೂಗಲ್ ತನ್ನ ವಿನ್ಯಾಸ ಸೂತ್ರಗಳಿಗೆ ಕೆಳಗಿನ ಮೆನು ಪಟ್ಟಿಯನ್ನು ಸೇರಿಸಿತು. ಆಂಡ್ರಾಯ್ಡ್ ವಾಟ್ಸ್‌ಆ್ಯಪ್‌ನ ಚಾಟ್, ಕಾಲ್ ಬಟನ್‌ಗಳು 2024ರಲ್ಲಿ ಮೇಲಿನಿಂದ ಕೆಳಗಿಳಿದದ್ದು ನಿಮಗೂ ನೆನಪಿರಬಹುದು. ಆಗ ಮನೆಮನೆಯಲ್ಲೂ ಒಂದು ವಾರ ಗೊಣಗಾಟ, ಆಮೇಲೆ ಎಲ್ಲರಿಗೂ ಮರೆತುಹೋಯಿತು.

ಬ್ರೌಸರ್‌ಗಳಲ್ಲಿ ಇದನ್ನು ಮೊದಲು ಕೈಗೆತ್ತಿಕೊಂಡವರಲ್ಲಿ ಮೈಕ್ರೋಸಾಫ್ಟ್ ಒಂದು. 2011ರ ವಿಂಡೋಸ್ ಫೋನ್ 7.5ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನ ಅಡ್ರೆಸ್ ಬಾರ್ ಅಡಿಯಲ್ಲಿತ್ತು. ಆ ಫೋನ್ ಕೊಂಡವರೇ ಕಡಿಮೆ, ಹಾಗಾಗಿ ಯಾರೂ ಗಮನಿಸಲಿಲ್ಲ. ಕ್ರೋಮ್ ತಂಡ 2016ರ ಹೊತ್ತಿಗೆ ‘ಕ್ರೋಮ್ ಹೋಮ್’ ಎಂಬ ಪ್ರಯೋಗ ಶುರುಮಾಡಿ, ಬಾರನ್ನು ಅಡಿಗೆ ತಂದು, ಅದನ್ನು ಮೇಲಕ್ಕೆ ಎಳೆದರೆ ಬುಕ್‌ಮಾರ್ಕ್, ಡೌನ್‌ಲೋಡ್ ಎಲ್ಲ ಕಾಣುವಂತೆ ಮಾಡಿತ್ತು. ತಂತ್ರಜ್ಞಾನದ ಹುಚ್ಚಿದ್ದವರಿಗೆ ಬಲು ಇಷ್ಟವಾಯಿತು. ಸಾಮಾನ್ಯ ಬಳಕೆದಾರರಿಗೆ ದಿಕ್ಕು ತಪ್ಪಿದಂತಾಯಿತು ಎಂದು ಅದರ ವಿನ್ಯಾಸಕಾರ ಕ್ರಿಸ್ ಲೀ ಆಮೇಲೆ ಬರೆದುಕೊಂಡಿದ್ದಾರೆ. ಗೂಗಲ್ ಅದನ್ನು ಕೈಬಿಟ್ಟಿತು. 2020ರಲ್ಲಿ ಬುಡದಿಂದ ಹೊಸದಾಗಿ ಬರೆದ ಆಂಡ್ರಾಯ್ಡ್ ಫೈರ್‌ಫಾಕ್ಸ್ ಬಾರನ್ನು ಅಡಿಯಲ್ಲಿಡಲು ಅವಕಾಶ ಕೊಟ್ಟಿತು.

ದೊಡ್ಡ ಗಲಾಟೆ ಆದದ್ದು 2021ರ ಜೂನ್‌ನಲ್ಲಿ, ಐಒಎಸ್ 15ರ ಮೊದಲ ಬೀಟಾ, ಅಂದರೆ ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ, ಬಂದಾಗ. ಆ್ಯಪಲ್ ಬಾರನ್ನು ಬರೀ ಕೆಳಗಿಳಿಸಿ ಸುಮ್ಮನಾಗಲಿಲ್ಲ. ಪುಟದ ಮೇಲೆ ತೇಲುವ ಒಂದು ಸಣ್ಣ ಪಟ್ಟಿಯನ್ನಾಗಿ ಮಾಡಿತು. ರಿಲೋಡ್, ಶೇರ್‌ನಂಥ ದಿನನಿತ್ಯದ ಬಟನ್‌ಗಳನ್ನು ಮೂರು ಚುಕ್ಕಿಯ ಮೆನುವಿನೊಳಗೆ ಬಚ್ಚಿಟ್ಟಿತು. ಪುಟದ ಕೊನೆಯ ಸಾಲು, ಜಾಲತಾಣಗಳು ಅಡಿಯಲ್ಲಿಟ್ಟ ಬಟನ್‌ಗಳು ಆ ಪಟ್ಟಿಯ ಹಿಂದೆ ಮರೆಯಾದವು. ಟೈಪ್ ಮಾಡಲು ಬಾರ್ ಮುಟ್ಟಿದರೆ ಅದು ಚಂಗನೆ ಮೇಲಕ್ಕೆ ಹಾರುತ್ತಿತ್ತು, ಕೆಳಗೆ ತಂದ ಉದ್ದೇಶವೇ ಹಾಳಾಗುವಂತೆ. ಬೀಟಾ ಬಳಸುತ್ತಿದ್ದವರು ತರಾಟೆಗೆ ತೆಗೆದುಕೊಂಡರು. ಮೂರನೇ ಬೀಟಾದಲ್ಲಿ ಬಾರ್ ಕೀಬೋರ್ಡಿನ ನೆತ್ತಿಯ ಮೇಲೇ ನಿಲ್ಲುವಂತಾಯಿತು. ಆಗಸ್ಟ್‌ನ ಆರನೆಯದರಲ್ಲಿ ತೇಲುವುದನ್ನು ಬಿಟ್ಟು ತಳದ ಬಟನ್ ಸಾಲಿಗೆ ಅಂಟಿಕೊಂಡಿತು, ‘ಬೇಡವೆಂದರೆ ಮೇಲೇ ಇಟ್ಟುಕೊಳ್ಳಿ’ ಎಂಬ ಆಯ್ಕೆಯೂ ಬಂತು. ಸೆಪ್ಟೆಂಬರ್‌ನಲ್ಲಿ ಎಲ್ಲರ ಕೈಸೇರಿದ್ದು ಹೀಗೆ ತಿದ್ದಿದ ರೂಪ. ನಾಲ್ಕು ವರ್ಷದ ಮೇಲೆ ಐಒಎಸ್ 26ರಲ್ಲಿ ಆ್ಯಪಲ್ ಇನ್ನೂ ಕಿರಿದಾದ ಒಂದು ರೂಪ ತಂದಿತು. ಆದರೆ ಈ ಬಾರಿ ಅದರ ಜೊತೆಗೆ ‘ಕೆಳಗೆ’, ‘ಮೇಲೆ’ ಎಂಬ ಇನ್ನೆರಡು ಆಯ್ಕೆಗಳನ್ನೂ ಮೊದಲ ದಿನದಿಂದಲೇ ಇಟ್ಟಿತ್ತು. ಪಾಠ ಕಲಿತಿದ್ದು ಕಾಣುತ್ತದೆ.

ಆ ಬೀಟಾದಲ್ಲಿ ಬಯಲಾದ ತೊಂದರೆ ಈಗಲೂ ಪೂರ್ತಿ ಹೋಗಿಲ್ಲ. ಫೋನ್ ಪರದೆಯ ತಳ ಈಗ ಬಡಾವಣೆಯ ಕಾರ್ನರ್ ಸೈಟಿನಂತಾಗಿದೆ, ಎಲ್ಲರಿಗೂ ಅದೇ ಬೇಕು. ಎಲ್ಲಕ್ಕಿಂತ ಅಡಿಯಲ್ಲಿ ಫೋನಿನದೇ ಗೆರೆ, ಹೋಮ್‌ಗೆ ಹೋಗಲು ಮೇಲಕ್ಕೆ ಎಳೆಯುತ್ತೀರಲ್ಲ, ಅದು. ಅದರ ಮೇಲೆ ಬ್ರೌಸರಿನ ಬಾರ್. ಅದರ ಮೇಲೆ ಜಾಲತಾಣದ್ದೇ ‘ಖರೀದಿಸಿ’ ಬಟನ್. ಅದನ್ನೂ ಮುಚ್ಚುವಂತೆ ಕುಕೀ ಒಪ್ಪಿಗೆಯ ಪಟ್ಟಿ. ಹೋಮ್‌ಗೆ ಹೋಗಲು ಎಳೆದರೆ ಟ್ಯಾಬ್‌ಗಳ ಪಟ್ಟಿ ತೆರೆಯುವುದು, ಟ್ಯಾಬ್ ಬದಲಿಸಲು ಹೋದರೆ ಬೇರೆ ಆ್ಯಪ್‌ಗೆ ಜಿಗಿಯುವುದು ಎಲ್ಲ ಈ ನೂಕುನುಗ್ಗಲಿನ ಫಲ.

ಇದರಲ್ಲಿ ಒಂದು ಬಗೆಯ ತೊಂದರೆಯನ್ನು ಹಣ ಕಟ್ಟುವ ಪುಟಗಳಲ್ಲಿ ನೀವು ಕಂಡಿರುತ್ತೀರಿ: ಎಲ್ಲ ತುಂಬಿದ್ದಾಯಿತು, ‘ಮುಂದುವರಿಸಿ’ ಬಟನ್ ಮಾತ್ರ ಅರ್ಧ ಕಾಣುತ್ತದೆ ಅಥವಾ ಕಾಣುವುದೇ ಇಲ್ಲ. ಪುಟ ಬರೆದವರು ‘ಪರದೆಯ ಪೂರ್ತಿ ಎತ್ತರ ತೆಗೆದುಕೋ’ ಎಂದು ಬರೆದಿರುತ್ತಾರೆ. ಮೊಬೈಲ್ ಬ್ರೌಸರ್ ‘ಪೂರ್ತಿ ಎತ್ತರ’ ಎಂದು ಲೆಕ್ಕ ಹಾಕುವುದು ಬಾರ್ ಕುಗ್ಗಿ ಮರೆಯಾದ ಸ್ಥಿತಿಯನ್ನು. ಬಾರ್ ಕಾಣುತ್ತಿರುವಾಗ ಅಷ್ಟು ಎತ್ತರ ಇರುವುದಿಲ್ಲವಾದ್ದರಿಂದ ಪುಟದ ತಳ ಮರೆಗೆ ಹೋಗುತ್ತದೆ. ಬಾರ್ ಮೇಲಿದ್ದರೂ ಇದು ಆಗುತ್ತಿತ್ತು, ಕೆಳಗಿದ್ದಾಗ ಬಟನ್ ಮೇಲೇ ಕೂತಂತಾಗಿ ಕಣ್ಣಿಗೆ ಹೊಡೆಯುತ್ತದೆ. ಇದಕ್ಕೆಂದೇ ಬಾರ್ ಇರುವಾಗಿನ ಎತ್ತರ, ಇಲ್ಲದಾಗಿನ ಎತ್ತರ, ಆ ಕ್ಷಣದ ನಿಜವಾದ ಎತ್ತರ ಎಂದು ಮೂರು ಹೊಸ ಅಳತೆಗಳು ಬಂದವು. 2022ರೊಳಗೆ ಸಫಾರಿ, ಫೈರ್‌ಫಾಕ್ಸ್, ಕ್ರೋಮ್ ಮೂರೂ ಅವನ್ನು ಅಳವಡಿಸಿಕೊಂಡವು. ಹಳೆಯ ಪುಟಗಳನ್ನು ತಿದ್ದುವ ಪುಣ್ಯಾತ್ಮರು ಸಿಗಬೇಕಷ್ಟೆ. ಅಲ್ಲಿಯವರೆಗೆ ನೀವು ಮಾಡಬಹುದಾದದ್ದು, ಪುಟವನ್ನು ಸ್ವಲ್ಪ ಮೇಲಕ್ಕೆ ತಳ್ಳುವುದು. ಬಾರ್ ಕುಗ್ಗಿ ಬಟನ್ ಹೊರಗೆ ಬರುತ್ತದೆ.

ಕೆಲವರು ಇದರ ಜೊತೆಗೇ ಕೇಳುವ ಇನ್ನೊಂದು ಮಾತು: ಬಾರ್ ಜಾಗ ಬದಲಾದರೆ ಮೋಸ ಹೋಗುವ ಅಪಾಯ ಹೆಚ್ಚೇ? ಈ ಭಯಕ್ಕೆ ಕಾರಣವಿದೆ. ಪುಟದಲ್ಲಿ ಏನನ್ನು ಬೇಕಾದರೂ ಬರೆಯಬಹುದು, ಬಿಡಿಸಬಹುದು. ಅಡ್ರೆಸ್ ಬಾರ್ ಮಾತ್ರ ಬ್ರೌಸರಿನ ಸ್ವತ್ತು, ಪುಟಕ್ಕೆ ಅಲ್ಲಿ ಕೈಯಾಡಿಸಲು ಬಿಡುವುದಿಲ್ಲ. ಫೋನಿನಲ್ಲಿ ಸ್ಕ್ರೋಲ್ ಮಾಡಿದಾಗ ಈ ಬಾರ್ ಮರೆಯಾಗುವುದೇ ತೊಡಕು. 2019ರಲ್ಲಿ ಜೇಮ್ಸ್ ಫಿಷರ್ ಎಂಬ ಡೆವಲಪರ್ ಇದನ್ನು ಮಾಡಿ ತೋರಿಸಿದರು: ಮೊಬೈಲ್ ಕ್ರೋಮ್‌ನಲ್ಲಿ ನಿಜವಾದ ಬಾರ್ ಮರೆಯಾದ ಕೂಡಲೇ ಪುಟವೇ ಅಲ್ಲಿ ನಕಲಿ ಬಾರ್ ಬಿಡಿಸಿ ಒಂದು ಬ್ಯಾಂಕಿನ ವಿಳಾಸವನ್ನು ಕಾಣಿಸಿತು. ವಾಪಸ್ ಮೇಲಕ್ಕೆ ಸ್ಕ್ರೋಲ್ ಮಾಡಿದರೂ ಅಸಲಿ ಬಾರ್ ಬರದಂತೆ ತಡೆಯುವ ಉಪಾಯವೂ ಅದರಲ್ಲಿತ್ತು. ನಿಮ್ಮ ಬಾರ್ ಕೆಳಗಿದ್ದು, ಮೇಲೆ ಇನ್ನೊಂದು ಕಂಡರೆ ಅನುಮಾನಕ್ಕೆ ಅದೇ ಸಾಕು. ಆ ಮಟ್ಟಿಗೆ ಕೆಳಗಿನ ಬಾರ್ ಒಳ್ಳೆಯದೇ ಮಾಡುತ್ತದೆ ಅನ್ನಿ.

ಬಾರ್ ಎಲ್ಲಿದ್ದರೂ ಅದರಲ್ಲಿ ಬರೆದಿದ್ದನ್ನು ಓದಬೇಕು. ಬೀಗದ ಚಿತ್ರ ನಂಬಿಕೆಯ ಗುರುತಲ್ಲ. ಜನ ಹಾಗೆ ತಪ್ಪು ತಿಳಿಯುತ್ತಾರೆಂದೇ ಕ್ರೋಮ್ 2023ರಲ್ಲಿ ಅದನ್ನು ತೆಗೆದು ಬೇರೆ ಚಿಹ್ನೆ ಹಾಕಿತು. ವಿಳಾಸದ ಕೊನೆಯನ್ನು ನೋಡಿ. ರಿಸರ್ವ್ ಬ್ಯಾಂಕ್ ನಮ್ಮ ಬ್ಯಾಂಕುಗಳಿಗೆ ತಮ್ಮ ಜಾಲತಾಣವನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಸಾಗಿಸಲು 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು. ಆದ್ದರಿಂದ ಬ್ಯಾಂಕಿನ ಹೆಸರು ಮುಂದಿದ್ದು ಕೊನೆ ಇನ್ನೇನೋ ಆಗಿದ್ದರೆ ಪಾಸ್‌ವರ್ಡ್ ಕೊಡುವ ಮುಂಚೆ ನಿಲ್ಲಿ.

ಹಾಗಾದರೆ ಮೇಲಿಡಬೇಕೋ ಕೆಳಗೋ? ದೊಡ್ಡ ಫೋನನ್ನು ಹೆಚ್ಚಾಗಿ ಒಂದೇ ಕೈಯಲ್ಲಿ ಬಳಸುವವರಾದರೆ ಕೆಳಗೆ ಇಟ್ಟು ಒಂದೆರಡು ವಾರ ತಾಳಿ ನೋಡಿ ಎನ್ನುತ್ತೇನೆ. ಮೊದಮೊದಲು ಕಣ್ಣು ತಾನಾಗಿ ಮೇಲಕ್ಕೇ ಹೋಗುತ್ತದೆ. ಸಫಾರಿಯಲ್ಲಿ ಬಾರನ್ನು ಎಡಕ್ಕೋ ಬಲಕ್ಕೋ ಸವರಿದರೆ ಪಕ್ಕದ ಟ್ಯಾಬ್ ಬರುತ್ತದೆ, ಕ್ರೋಮ್‌ನಲ್ಲೂ ಬರುತ್ತದೆ. ನಾಲ್ಕೈದು ಪುಟ ತೆರೆದಿಟ್ಟುಕೊಂಡು ಓದುವವರಿಗೆ ಇದೊಂದಕ್ಕೇ ಬಾರ್ ಕೆಳಗಿರುವುದು ಲೇಸು ಅನ್ನಿಸಬಹುದು. ಎರಡು ಕೈಯಲ್ಲಿ ಹಿಡಿದು ಓದುವವರಿಗೆ, ತೋರುಬೆರಳಿನಿಂದಲೇ ಮುಟ್ಟುವ ಹಿರಿಯರಿಗೆ ಇದರಿಂದ ಲಾಭವಿಲ್ಲ. ಅಮ್ಮನ ಫೋನಿನಲ್ಲಿ ಬಾರ್ ಮೇಲೇ ಇದ್ದರೆ ಸುಧಾರಣೆ ಮಾಡುವ ಉತ್ಸಾಹದಲ್ಲಿ ಅದನ್ನು ಕೆಳಗಿಳಿಸಲು ಹೋಗಬೇಡಿ.

ಟ್ಯಾಬ್ಲೆಟ್ ಇರುವವರಿಗೆ ಈ ಪ್ರಶ್ನೆಯೇ ಬರುವುದಿಲ್ಲ, ಐಪ್ಯಾಡಿನ ಸಫಾರಿಯಲ್ಲಿ ಬಾರ್ ಮೇಲೆಯೇ ಇದೆ. ಕಂಪ್ಯೂಟರಿನಲ್ಲೂ ಅದನ್ನು ಅಡಿಗೆ ತರಬೇಕೆಂಬ ಆಸೆ ಹುಟ್ಟಿದರೆ ವಿವಾಲ್ಡಿ ಬ್ರೌಸರ್‌ನಲ್ಲಿ ಅದಕ್ಕೂ ಸೆಟ್ಟಿಂಗ್ ಉಂಟು.